ಘಟ್ಟದ ಏರಿನಲ್ಲಿ ಏದುಸಿರು

ಶಿರಸಿ ಎಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ಮಾರಿಕಾಂಬೆಯ ಜಾತ್ರೆ, ಅಡಕೆಯ ಪೇಟೆ. ಆದರೆ ನೆರೆಯ ಸಿದ್ದಾಪುರ ತಾಲ್ಲೂಕಿನಲ್ಲಿ ಅದೇ ಹೆಸರನ್ನು ತನ್ನ ಹೆಸರಿನ ಕೊನೆಗೆ ಸೇರಿಸಿಕೊಂಡ ಇನ್ನೊಂದು ಊರುಂಟು; ಅದು ಕೋಲಸಿರ್ಸಿ. ದೊಡ್ಡ ಶಿರಸಿಯ ಸದ್ದುಗದ್ದಲ ಇಲ್ಲಿಲ್ಲ. ತಾಲ್ಲೂಕಿನ ಉಳಿದ ಊರುಗಳಂತೆ ಇಲ್ಲಿಯೂ ಕಾಡಿನ ಹಸಿರೇ ಊರಿನ ಎಲ್ಲೆ. ತಗ್ಗಿನಲ್ಲಿ ಅಡಕೆಯ ತೋಟ, ಅದರ ಮಗ್ಗುಲಿಗೆ ಭತ್ತದ ಗದ್ದೆ, ಮೇಲೆ ತೋಟಕ್ಕೆ ಸೊಪ್ಪನ್ನೊದಗಿಸುವ ಬೆಟ್ಟ: ಸಿದ್ದಾಪುರ ಸೀಮೆಯ ನೆಲದ ಕಟ್ಟಳೆಯೇ ಇದು. ಮನೆಗಳು ಒಂದನ್ನೊಂದು ಕೂಗಿ ಕರೆಯುವಷ್ಟು ಹತ್ತಿರವಿರುವುದು ಅಪರೂಪ. ತೋಟದಂಚಿನ ಮನೆಯಿಂದ ಡಾಂಬರು ರಸ್ತೆಗೆ ಬರಬೇಕಾದರೆ ಕೆಂಪು ಮಣ್ಣಿನ ಏರೊಂದನ್ನು ಹತ್ತಲೇಬೇಕು. ಈ ಸೀಮೆಯಲ್ಲಿ ದಿನದ ಮೊದಲ ಪ್ರಯಾಣವೇ ಏರಿನಿಂದ ಆರಂಭವಾಗುತ್ತದೆ.

ಆ ಏರು ಚಿಕ್ಕದು. ದೊಡ್ಡ ಏರುಗಳು ಮುಂದಿವೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರು ಎತ್ತರದಲ್ಲಿದೆ. ಸಿದ್ದಾಪುರವೂ ಐನೂರು ಮೀಟರಿಗೆ ಮೇಲ್ಪಟ್ಟದ್ದೇ. ಕರಾವಳಿಯ ಕುಮಟೆ, ಹೊನ್ನಾವರಗಳಾದರೋ ಅಲೆಯ ಸದ್ದು ಕೇಳುವಷ್ಟು ತಗ್ಗಿನಲ್ಲಿವೆ. ಈ ಎರಡು ಲೋಕಗಳ ನಡುವೆ ನಿಂತದ್ದು ಸಹ್ಯಾದ್ರಿಯ ಗೋಡೆ. ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ, ಸಿದ್ದಾಪುರದಿಂದ ಕುಮಟೆಗೆ ದೊಡ್ಮನೆ ಘಟ್ಟ, ಮಾವಿನಗುಂಡಿಯಿಂದ ಹೊನ್ನಾವರಕ್ಕೆ ಗೇರುಸೊಪ್ಪೆಯ ಘಟ್ಟ, ಯಲ್ಲಾಪುರದಿಂದ ಅಂಕೋಲೆಗೆ ಅರಬೈಲ್ ಘಟ್ಟ. ಮೀನಿನ ಲಾರಿ, ಅಡಕೆಯ ಲಾರಿ, ಮದುವೆಯ ದಿಬ್ಬಣ, ಗೋಕರ್ಣದ ಯಾತ್ರಿಕ, ಎಲ್ಲರೂ ಇವುಗಳಲ್ಲೊಂದರ ತಿರುವುಗಳನ್ನು ಎಣಿಸಿಯೇ ಹೋಗಬೇಕು. ದೇವಿಮನೆಯಲ್ಲಿ ದೇವಿಯ ಗುಡಿಯ ಮುಂದೆ ಗಾಡಿ ನಿಲ್ಲಿಸಿ ಕೈಮುಗಿಯುವ ಚಾಲಕರನ್ನು ಇಂದಿಗೂ ಕಾಣಬಹುದು. ಆ ರಸ್ತೆ ಈಚಿನ ವರ್ಷಗಳಲ್ಲಿ ಅಗಲೀಕರಣದ ಕೆಲಸಕ್ಕೆ ಒಳಗಾಗಿದೆ; ಆದರೆ ರಸ್ತೆ ಎಷ್ಟೇ ಅಗಲವಾದರೂ ಘಟ್ಟದ ಎತ್ತರ ಒಂದು ಅಂಗುಲವೂ ಕಡಿಮೆಯಾಗುವುದಿಲ್ಲ.

ಇಂಥ ಸೀಮೆಯಲ್ಲಿ ಕಾರು ಸೊಗಸಿನ ವಸ್ತುವಲ್ಲ. ಉತ್ತರ ಕನ್ನಡ ಜಿಲ್ಲೆಗೆ ಸುಸಜ್ಜಿತವಾದ ದೊಡ್ಡ ಆಸ್ಪತ್ರೆಯೊಂದು ಬೇಕೆಂಬ ಕೂಗು 2022ರಲ್ಲಿ ರಾಜ್ಯದ ಕಿವಿಗೆಲ್ಲ ಬೀಳುವಂತೆ ಎದ್ದಿತ್ತು. ಕಾಯಿಲೆ ಕೈಮೀರಿದಾಗ ಜಿಲ್ಲೆಯ ಜನ ಮಣಿಪಾಲಕ್ಕೋ ಮಂಗಳೂರಿಗೋ ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಹೊರಡಬೇಕು. ನಡುರಾತ್ರಿಯಲ್ಲಿ ಎದೆನೋವೆಂದು ಮುದುಕರೊಬ್ಬರು ಒದ್ದಾಡುವಾಗ, ಹೆರಿಗೆಯ ನೋವು ಹೊತ್ತಿಗೆ ಮುಂಚೆ ಬಂದಾಗ, ಅಂಗಳದಲ್ಲಿ ನಿಂತ ಕಾರೇ ಮೊದಲ ವೈದ್ಯ. ಆ ಹೊತ್ತಿನಲ್ಲಿ ಚಾಲಕ ಕಾಲನ್ನು ಒತ್ತಿದರೆ ಗಾಡಿ ಮುಂದಕ್ಕೆ ನೆಗೆಯಬೇಕು. ಅದು ನೆಗೆಯದೆ, ಮುಲುಗುಟ್ಟಿ, ಒಂದು ಗಳಿಗೆ ತಡೆದು, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ಚಲಿಸಿದರೆ? ಮನೆಮಂದಿಯ ಎದೆಯೂ ಅದರೊಡನೆ ಒಂದು ಗಳಿಗೆ ನಿಂತುಹೋಗುತ್ತದೆ.

ಈ ವ್ಯಾಧಿಗೆ ಜನ ಇಟ್ಟ ಹೆಸರು ‘ಪಿಕಪ್ಪಿಲ್ಲ’ ಎಂದು. ಇಂಗ್ಲಿಷಿನಿಂದ ಬಂದ ಈ ಮಾತು ಈಗ ಹಳ್ಳಿಹಳ್ಳಿಯಲ್ಲಿ ಕನ್ನಡವೇ ಆಗಿಹೋಗಿದೆ. ಓದಿನಲ್ಲಿ ಹಿಂದೆ ಬಿದ್ದ ಹುಡುಗನಿಗೂ ಕೆಲಸಕ್ಕೆ ಒಗ್ಗದ ಅಳಿಯನಿಗೂ ಇದನ್ನು ಹೇಳುವುದುಂಟು. ಗ್ಯಾರೇಜಿಗೆ ಬಂದ ಹತ್ತು ಮಂದಿಯಲ್ಲಿ ಕೆಲವರಾದರೂ ಹೇಳುವ ದೂರು ಇದೇ. ಆದರೆ ಇದು ರೋಗದ ಹೆಸರಲ್ಲ, ಲಕ್ಷಣದ ಹೆಸರು. ‘ಜ್ವರ’ ಎಂದಂತೆ. ಜ್ವರಕ್ಕೆ ಕಾರಣ ನೂರು. ಪಿಕಪ್ಪಿಲ್ಲದಿರುವುದಕ್ಕೆ ಅಷ್ಟಿಲ್ಲದಿದ್ದರೂ ಒಂದೆರಡು ಡಜನ್ ಇವೆ.

ಮೊದಲಿಗೆ ಘಟ್ಟ ಕೇಳುವ ಕೂಲಿ ಎಷ್ಟೆಂಬುದನ್ನು ತಿಳಿಯಬೇಕು. ಐದು ಜನ ಕೂತ ಒಂದು ಸಾಧಾರಣ ಕಾರಿನ ತೂಕ 1200 ಕಿಲೋಗ್ರಾಂ ಎನ್ನಿ. ಅದನ್ನು ಕಡಲಂಚಿನಿಂದ 550 ಮೀಟರು ಮೇಲಕ್ಕೆ ಎತ್ತುವುದಕ್ಕೆಂದೇ, ಉರಿಸಿದ ಶಕ್ತಿಯ ಕಾಲುಭಾಗ ಮಾತ್ರ ಚಕ್ರಕ್ಕೆ ಮುಟ್ಟುವ ಇಂಜಿನ್ನಿನ ಲೆಕ್ಕದಲ್ಲಿ, ಸುಮಾರು ಮುಕ್ಕಾಲು ಲೀಟರಿಗೂ ಮೇಲ್ಪಟ್ಟು ಪೆಟ್ರೋಲು ಬೇಕು. ಇದು ಬರಿಯ ಎತ್ತುವ ಕೂಲಿ. ಮುಂದಕ್ಕೆ ಓಡುವ ಕೂಲಿ ಬೇರೆ. ಹದಿನೈದು ಮೀಟರಿಗೆ ಒಂದು ಮೀಟರು ಏರುವ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗವನ್ನು ಉಳಿಸಿಕೊಳ್ಳಲು ಏರಿಗೆಂದೇ ಹನ್ನೆರಡು ಅಶ್ವಶಕ್ತಿ ಖರ್ಚು. 1983ರಲ್ಲಿ ಬಂದು ಮಲೆನಾಡಿನ ಮನೆಮನೆಯ ಕೊಟ್ಟಿಗೆಯ ಪಕ್ಕದಲ್ಲಿ ಜಾಗ ಪಡೆದ ಮಾರುತಿ 800ರ ಇಂಜಿನ್ನಿಗೆ ಇದ್ದುದು ನಲವತ್ತಕ್ಕಿಂತ ಕಡಿಮೆ ಅಶ್ವಶಕ್ತಿ. ಆದ್ದರಿಂದ ಬಯಲುಸೀಮೆಯ ಸಪಾಟು ರಸ್ತೆಯಲ್ಲಿ ಮುಚ್ಚಿಕೊಂಡಿರುವ ದೌರ್ಬಲ್ಯವೆಲ್ಲ ಘಟ್ಟದ ಮೂರನೆಯ ತಿರುವಿನಲ್ಲಿ ಬಯಲಾಗುತ್ತದೆ. ಹತ್ತರಲ್ಲಿ ಎರಡು ಪಾಲು ಶಕ್ತಿ ಸೋರಿಹೋದ ಕಾರು ಹುಬ್ಬಳ್ಳಿಯ ಬೀದಿಯಲ್ಲಿ ಜಂಬದಿಂದ ಓಡಾಡಬಹುದು. ದೊಡ್ಮನೆ ಘಟ್ಟದಲ್ಲಿ ಅದರ ಗುಟ್ಟು ನಿಲ್ಲದು.

ಎತ್ತರದಲ್ಲಿ ಗಾಳಿ ತೆಳುವಾದ್ದರಿಂದ ಹೀಗೆ ಎಂದು ಕೆಲವರು ಸಮಾಧಾನ ಹೇಳುವುದುಂಟು. ಈ ಮಾತಿನಲ್ಲಿ ಸತ್ಯ ಸ್ವಲ್ಪವೇ ಇದೆ. ಆರುನೂರು ಮೀಟರು ಎತ್ತರದಲ್ಲಿ ಗಾಳಿಯ ಸಾಂದ್ರತೆ ಕಡಲಂಚಿಗಿಂತ ನೂರಕ್ಕೆ ಐದಾರು ಪಾಲು ಕಡಿಮೆ, ಅಷ್ಟೇ. ಹಿಮಾಲಯದ ಕಣಿವೆಗಳಿಗೆ ಒಪ್ಪುವ ನೆಪವನ್ನು ಸಿದ್ದಾಪುರಕ್ಕೆ ತರುವುದು ಸರಿಯಲ್ಲ.

ಹಳೆಯ ಕಾಲದ ಗಾಡಿಗಳು ತಮ್ಮ ಕಾಯಿಲೆಯನ್ನು ಬಚ್ಚಿಡುತ್ತಿರಲಿಲ್ಲ. ಅಂಬಾಸಿಡರ್ ಕಾರು 1957ರ ಸುಮಾರಿನಿಂದ 2014ರವರೆಗೆ ತಯಾರಾಯಿತು. ಅದರ ಜೊತೆಗೆ ಫಿಯೆಟ್, ಜೀಪು. ಬೇಸಿಗೆಯ ಮಧ್ಯಾಹ್ನ ಘಟ್ಟದ ಅರ್ಧದಲ್ಲಿ ಇವು ಬಿಕ್ಕಿ ನಿಲ್ಲುವುದು ಸಾಮಾನ್ಯವಾಗಿತ್ತು. ಇಂಜಿನ್ನಿನ ಮೈಗೇ ಅಂಟಿಕೊಂಡ ಪೆಟ್ರೋಲು ಪಂಪು ಕಾದು, ಒಳಗಿನ ಪೆಟ್ರೋಲು ಆವಿಯಾಗಿ, ದ್ರವದ ಬದಲು ಆವಿಯೇ ಕೊಳವೆಯನ್ನು ತುಂಬಿಕೊಳ್ಳುತ್ತಿತ್ತು. ಆಗ ಚಾಲಕ ಹಳ್ಳದ ನೀರಿನಲ್ಲಿ ಬಟ್ಟೆ ನೆನೆಸಿ ಪಂಪಿನ ಮೇಲೆ ಹಾಕಿ, ಬೀಡಿ ಹಚ್ಚಿ, ದಿಗಂತವನ್ನು ನೋಡುತ್ತ ಕೂರುತ್ತಿದ್ದ. ಬೀಡಿ ಮುಗಿಯುವ ಹೊತ್ತಿಗೆ ಇಂಜಿನ್ನಿನ ಸಿಟ್ಟು ಇಳಿದಿರುತ್ತಿತ್ತು. ಪ್ರಯಾಣಿಕರು ಕಾಡನ್ನು ಕಣ್ತುಂಬ ಕಂಡದ್ದು ಎಷ್ಟೋ ಸಲ ಈ ಒದ್ದೆಬಟ್ಟೆಯ ಕೃಪೆಯಿಂದಲೇ!

ಕಾರ್ಬ್ಯುರೇಟರಿನ ಒಳಗೆ ಇನ್ನೊಂದು ಪುಟ್ಟ ಪಂಪಿರುತ್ತಿತ್ತು. ಚಾಲಕ ಥಟ್ಟನೆ ಕಾಲೊತ್ತಿದಾಗ ಗಾಳಿ ಒಮ್ಮೆಗೇ ಒಳನುಗ್ಗುತ್ತದೆ. ಪೆಟ್ರೋಲು ಗಾಳಿಗಿಂತ ಭಾರವಾದ್ದರಿಂದ ಹಿಂದೆ ಬೀಳುತ್ತದೆ. ಆ ಒಂದು ಕ್ಷಣದ ಕೊರತೆಯನ್ನು ತುಂಬಲು ಈ ಪಂಪು ಒಂದು ಚಿಮುಕು ಪೆಟ್ರೋಲನ್ನು ಎರಚುತ್ತಿತ್ತು. ಅದರ ತೆಳುವಾದ ಪೊರೆ ಹರಿದರೆ ಕಾರು ಕಾಲೊತ್ತಿದೊಡನೆ ಮುಗ್ಗರಿಸುತ್ತಿತ್ತು. ಮೆಲ್ಲನೆ ಒತ್ತಿದರೆ ಮಾತ್ರ ಸರಾಗವಾಗಿ ಓಡುತ್ತಿತ್ತು. ಕೆಲವೇ ರೂಪಾಯಿಯ ಪೊರೆ. ಆದರೆ ಲಾರಿಯನ್ನು ಹಿಂದೆ ಹಾಕುವ ಗಳಿಗೆಯಲ್ಲಿ ಅದರ ಬೆಲೆ ಪ್ರಾಣದ್ದು. ಕಾರ್ಬ್ಯುರೇಟರ್ ಇಂದಿನ ಕಾರುಗಳಲ್ಲಿಲ್ಲ. ಆ ಕೆಲಸವನ್ನು ಗಣಕಯಂತ್ರವೂ ಇಂಜೆಕ್ಟರುಗಳೂ ವಹಿಸಿಕೊಂಡಿವೆ. ಆದರೂ ಬೇಡಿಕೆ ಮಾತ್ರ ಅಂದಿನದೇ: ಗಾಳಿ, ಇಂಧನ, ಕಿಡಿ, ಆಮೇಲೆ ಹೊಗೆ ಹೊರಹೋಗಲು ಬಿಚ್ಚಿದ ದಾರಿ. ಇವುಗಳಲ್ಲಿ ಒಂದು ಕುಂದಿದರೂ ಏದುಸಿರು.

ಗಾಳಿಯ ಮಾತೇ ಮೊದಲು. ಒಂದು ಲೀಟರು ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 9000 ಲೀಟರು ಗಾಳಿ ಬೇಕೆಂದರೆ ಓದುಗರು ಹುಬ್ಬೇರಿಸಬಹುದು. ಅಷ್ಟೂ ಗಾಳಿ ಒಂದು ಕಾಗದದ ಜರಡಿಯ ಮೂಲಕ ಹಾದು ಬರಬೇಕು. ಸಿದ್ದಾಪುರ ಸೀಮೆಯಲ್ಲಿ ಆ ಜರಡಿಗೆ ವರ್ಷದಲ್ಲಿ ಎರಡು ಬಗೆಯ ಪರೀಕ್ಷೆ. ಫಾಲ್ಗುಣದಿಂದ ವೈಶಾಖದವರೆಗೆ ಮಣ್ಣುರಸ್ತೆಯ ಕೆಂಪು ಧೂಳು. ಮುಂದಿನ ಜೀಪಿನ ಹಿಂದೆ ಹೋದರೆ ಕಾರಿನ ಬಣ್ಣವೇ ಬದಲಾಗುತ್ತದೆ. ಅದಾದ ಮೇಲೆ ಎರಡೂವರೆ ಸಾವಿರ ಮಿಲಿಮೀಟರನ್ನು ಮೀರುವ ಮಳೆ. ಧೂಳು ಕುಡಿದ ಕಾಗದ ತೇವವನ್ನೂ ಕುಡಿದರೆ ಕೆಸರಿನ ಹಲಗೆಯಂತಾಗುತ್ತದೆ. ಪಿಕಪ್ಪಿಲ್ಲದ ಕಾರಿನ ಮುಚ್ಚಳ ತೆಗೆದು ಈ ಜರಡಿಯನ್ನು ನೋಡುವುದು ಐದು ನಿಮಿಷದ ಕೆಲಸ. ಆದರೂ ದೊಡ್ಡ ದುರಸ್ತಿಯ ಮಾತಾಡಿ ಮುಗಿದ ಮೇಲೆಯೇ ಹಲವರಿಗೆ ಇದರ ನೆನಪಾಗುವುದು.

ಈ ಪೆಟ್ಟಿಗೆಯಲ್ಲಿ ಮಲೆನಾಡಿನ ಇನ್ನೊಬ್ಬ ಒಕ್ಕಲಿದ್ದಾನೆ. ಮಳೆಗಾಲದಲ್ಲಿ ಬೆಚ್ಚನೆಯ ಜಾಗವನ್ನರಸುವ ಇಲಿಗೆ ಈಗ ತಾನೆ ಬಂದು ನಿಂತ ಕಾರಿನ ಇಂಜಿನ್ನಿಗಿಂತ ಒಳ್ಳೆಯ ಛತ್ರ ಎಲ್ಲಿದೆ? ಅಡಕೆ ಸಿಪ್ಪೆ, ಒಣಹುಲ್ಲು, ಹಳೆಯ ಬಟ್ಟೆಯ ಚೂರು, ಎಲ್ಲವನ್ನೂ ತಂದು ಗಾಳಿಯ ದಾರಿಯಲ್ಲಿ ಸಂಸಾರ ಹೂಡುತ್ತದೆ. ಸಾಲದ್ದಕ್ಕೆ ತಂತಿಗಳನ್ನು ಕಡಿಯುತ್ತದೆ. ಗಾಳಿಯ ಪ್ರಮಾಣವನ್ನು ಅಳೆದು ಗಣಕಕ್ಕೆ ವರದಿ ಮಾಡುವ ಸೂಕ್ಷ್ಮ ಉಪಕರಣವೊಂದು ಇಂದಿನ ಅನೇಕ ಕಾರುಗಳಲ್ಲಿ ಅಲ್ಲೇ ಪಕ್ಕದಲ್ಲಿರುತ್ತದೆ. ಅದರ ಕೂದಲೆಳೆಯಂಥ ತಂತಿಯ ಮೇಲೆ ಧೂಳು ಕೂತರೂ ಸುಳ್ಳು ವರದಿ. ಸುಳ್ಳು ವರದಿ ಬಂದರೆ ತಪ್ಪು ಅಳತೆಯ ಪೆಟ್ರೋಲು. ಅದಕ್ಕೆಂದೇ ಬರುವ ದ್ರಾವಣದಿಂದ ಅದನ್ನು ತೊಳೆಯಬೇಕು. ಬಟ್ಟೆಯಲ್ಲಿ ಒರೆಸಹೊರಟರೆ ತಂತಿಯೇ ಕೈಗೆ ಬರುತ್ತದೆ. ಡೀಸೆಲ್ ಗಾಡಿಗಳಲ್ಲಿ ಟರ್ಬೋ ಯಂತ್ರದಿಂದ ಇಂಜಿನ್ನಿಗೆ ಹೋಗುವ ರಬ್ಬರಿನ ಕೊಳವೆ ಸೀಳಿದರೆ ಕಾಲೊತ್ತಿದಾಗ ಸಿಳ್ಳು ಕೇಳುತ್ತದೆ, ಹಿಂದೆ ಕರಿಹೊಗೆ ಏಳುತ್ತದೆ, ಮುಂದಕ್ಕೆ ಚಲನೆ ಮಾತ್ರ ಕಾಣುವುದಿಲ್ಲ.

ಇಂಧನದ ವಿಷಯದಲ್ಲಿ ಮಳೆಯೇ ಮುಖ್ಯ ಶತ್ರು. ಪಂಪು ಸವೆದಿರಬಹುದು, ಜರಡಿ ಕಟ್ಟಿರಬಹುದು, ಇಂಜೆಕ್ಟರಿನ ಬಾಯಿಗೆ ಮಸಿ ಹಿಡಿದಿರಬಹುದು. ಇದರ ಗುರುತು ಏನೆಂದರೆ, ಸಪಾಟಿನಲ್ಲಿ ಸುಮ್ಮನಿದ್ದ ಕಾರು ಏರಿನಲ್ಲಿ ಹೆಚ್ಚು ಇಂಧನ ಬೇಡುವ ಹೊತ್ತಿಗೆ ಸರಿಯಾಗಿ ಸೋಲುತ್ತದೆ. ಕಾಲು ಸಡಿಲಿಸಿದರೆ ಚೇತರಿಸಿಕೊಳ್ಳುತ್ತದೆ. ಇದರ ಮೇಲೆ ಹೊಸದೊಂದು ಸಂಗತಿ ಸೇರಿದೆ. 2025ರ ವೇಳೆಗೆ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಯುವಂತಾಯಿತು. ಎಥೆನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ ಶಕ್ತಿ ಇದೆ. ಇದನ್ನು ಕಂಡು ಎಲ್ಲ ದೋಷವನ್ನೂ ಅದರ ತಲೆಗೆ ಕಟ್ಟುವವರಿದ್ದಾರೆ, ಅದು ನ್ಯಾಯವಲ್ಲ. ಈ ಮಿಶ್ರಣಕ್ಕೆಂದು ತಯಾರಾದ ಕಾರು ಅದರಲ್ಲಿ ಸರಿಯಾಗಿಯೇ ಏರುತ್ತದೆ. ಆದರೆ ಎಥೆನಾಲಿಗೆ ನೀರಿನ ಮೇಲೆ ಬಹಳ ಪ್ರೀತಿ. ಆಷಾಢ ಶ್ರಾವಣಗಳಲ್ಲಿ ಅರ್ಧ ಖಾಲಿಯಾದ ಟಾಂಕಿಯೊಡನೆ ವಾರಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಕಾರಿನಲ್ಲಿ ಹೇಗೋ ನೀರು ಸೇರಿತೆಂದರೆ, ಎಥೆನಾಲ್ ಪೆಟ್ರೋಲಿನ ಸಂಗ ಬಿಟ್ಟು ನೀರಿನೊಡನೆ ತಳಕ್ಕಿಳಿಯುತ್ತದೆ. ಪಂಪು ಹೀರುವುದು ತಳದಿಂದಲೇ. ಹಳೆಯ ಕಾರುಗಳಲ್ಲಿ ರಬ್ಬರಿನ ಕೊಳವೆ, ವಾಷರುಗಳು ಈ ಮಿಶ್ರಣಕ್ಕೆ ಹೊಂದಿದಂಥವಲ್ಲದಿರುವುದೂ ಉಂಟು. ಮಳೆಗಾಲದಲ್ಲಿ ಟಾಂಕಿಯನ್ನು ತುಂಬಿಸಿಡುವುದು, ವಾರಕ್ಕೊಮ್ಮೆಯಾದರೂ ಗಾಡಿಯನ್ನು ಹೊರಗೆ ತೆಗೆಯುವುದು ಹಣದ ಖರ್ಚಿಲ್ಲದ ಎರಡು ಉಪಾಯಗಳು.

ಕಿಡಿಯ ವಿಷಯ ಇಷ್ಟು ಹೇಳಿದರೆ ಸಾಕು: ಸವೆದ ಪ್ಲಗ್ಗು, ಬಿರುಕುಬಿಟ್ಟ ಕಾಯಿಲ್, ಒದ್ದೆಯಾದ ತಂತಿ, ಇವುಗಳಿಂದ ಒಂದು ಸಿಲಿಂಡರು ಆಗಾಗ ಉರಿಯದೆ ಹೋಗುತ್ತದೆ. ಮೂರು ಎತ್ತು ಎಳೆಯುವಾಗ ನಾಲ್ಕನೆಯದು ನೊಗದಲ್ಲಿ ನೇತಾಡಿದಂತೆ. ಕಾರು ನಡುಗುತ್ತದೆ. ಇದನ್ನು ‘ಮುಂದಿನ ಸಂತೆಗೆ ನೋಡೋಣ’ ಎಂದು ತಳ್ಳುವುದು ದುಬಾರಿಯಾಗುವುದು ಹೀಗೆ: ಉರಿಯದೆ ಉಳಿದ ಪೆಟ್ರೋಲು ಹೊಗೆಯ ಕೊಳವೆಗಿಳಿದು, ಅಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು, ಅದರ ಜೇನುಗೂಡಿನಂಥ ರಂಧ್ರಗಳನ್ನು ಕರಗಿಸಿ ಮುಚ್ಚುತ್ತದೆ. ಆಮೇಲೆ ಹೊಸ ಪ್ಲಗ್ಗು ಹಾಕಿದರೂ ಇಂಜಿನ್ನು ಬಾಯಿಗೆ ಬಟ್ಟೆ ತುರುಕಿದವನಂತೆ ತಿಣುಕುತ್ತದೆ. ನೂರಾರು ರೂಪಾಯಿಯ ಕೆಲಸ ಹತ್ತಾರು ಸಾವಿರಕ್ಕೆ ಏರುವುದು ಈ ದಾರಿಯಿಂದಲೇ.

ಇಂಜಿನ್ನು ಆರೋಗ್ಯವಾಗಿದ್ದು ಅದರ ಶಕ್ತಿ ಚಕ್ರವನ್ನು ತಲುಪದಿರುವ ಪ್ರಸಂಗ ಬೇರೆಯೇ. ಕಾಲೊತ್ತಿದಾಗ ಸದ್ದು ಏರುತ್ತದೆ, ಮುಳ್ಳು ಏರುತ್ತದೆ, ಕಾರು ಮಾತ್ರ ಏರುವುದಿಲ್ಲ. ಸುಟ್ಟ ವಾಸನೆ ಬರುತ್ತದೆ. ಆಗ ಕ್ಲಚ್ಚಿನ ತಟ್ಟೆ ಜಾರುತ್ತಿದೆಯೆಂದು ತಿಳಿಯಬೇಕು. ಘಟ್ಟದ ತಿರುವಿನಲ್ಲಿ ಲಾರಿಗಳ ಸಾಲಿನ ಹಿಂದೆ ಅರ್ಧ ಕ್ಲಚ್ಚಿನಲ್ಲೇ ಗಾಡಿಯನ್ನು ತೂಗಿ ನಿಲ್ಲಿಸುವ ಚಾಲಕರ ಚಾತುರ್ಯಕ್ಕೆ ಇದು ಸಲ್ಲುವ ಬಹುಮಾನ. ಕೈಬ್ರೇಕಿನಲ್ಲಿ ನಿಲ್ಲಿಸಿ ಹೊರಡುವುದನ್ನು ಕಲಿತವರ ಕ್ಲಚ್ಚು ಇವರದಕ್ಕಿಂತ ಎಷ್ಟೋ ಹೆಚ್ಚು ಕಾಲ ಬಾಳುತ್ತದೆ. ಆದರೆ ಅದೇ ಕೈಬ್ರೇಕನ್ನು ಎಳೆದಿಟ್ಟು ಮಳೆಯಲ್ಲಿ ವಾರವೆಲ್ಲ ಬಿಟ್ಟರೆ ತುಕ್ಕು ಹಿಡಿದು ಹಿಂದಿನ ಚಕ್ರಗಳು ಅರೆಬಿಗಿದುಕೊಳ್ಳುವುದೂ ಉಂಟು. ಹಾಗೆ ಬಿಗಿದ ಬ್ರೇಕಿನೊಡನೆ ಎರಡು ಕಿಲೋಮೀಟರು ಓಡಿಸಿದರೆ ಒಂದು ಚಕ್ರದ ಬಳಿ ಕೆಂಡದ ಕಾವು. ಸಪಾಟು ಜಾಗದಲ್ಲಿ ಗೇರು ತಪ್ಪಿಸಿ ಒಬ್ಬ ಹುಡುಗ ನೂಕಿದರೆ ಕಾರು ಉರುಳಬೇಕು. ಉರುಳದಿದ್ದರೆ ಕಳ್ಳ ಇಂಜಿನ್ನಿನಲ್ಲಿಲ್ಲ, ಚಕ್ರದಲ್ಲಿದ್ದಾನೆ. ಟಯರಿಗೆ ಗಾಳಿ ಸಾಲದಿದ್ದರೂ ಹೀಗೆಯೇ. ಆ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಎಲ್ಲದರ ತೂಕ ಗೊತ್ತಾಗುವುದು ಮುಂದಿನ ವಾಹನವನ್ನು ದಾಟುವಾಗ. ಗಂಟೆಗೆ 40ರಿಂದ 60 ಕಿ.ಮೀ.ಗೆ ಏರಲು ಐದು ಸೆಕೆಂಡು ತೆಗೆದುಕೊಳ್ಳುತ್ತಿದ್ದ ಕಾರು ಒಂಬತ್ತು ಸೆಕೆಂಡು ತೆಗೆದುಕೊಳ್ಳುವಂತಾಯಿತು ಎಂದುಕೊಳ್ಳಿ. ನಾಲ್ಕೇ ಸೆಕೆಂಡು! ಆ ನಾಲ್ಕು ಸೆಕೆಂಡಿನಲ್ಲಿ ಕಾರು ಎದುರಿನವರ ಪಾಲಿನ ರಸ್ತೆಯಲ್ಲಿ ಇನ್ನೂ ಐವತ್ತೈದು ಮೀಟರು ಹೋಗಿರುತ್ತದೆ. ಎದುರಿನಿಂದ ಅದೇ ವೇಗದಲ್ಲಿ ಬರುವ ಬಸ್ಸು ಇನ್ನೈವತ್ತೈದು ಮೀಟರು ಹತ್ತಿರ ಬಂದಿರುತ್ತದೆ. ಒಟ್ಟು ನೂರಹತ್ತು ಮೀಟರು. ಗೇರುಸೊಪ್ಪೆಯ ಘಟ್ಟದಲ್ಲಿ ಅಷ್ಟು ದೂರದವರೆಗೆ ಕಣ್ಣು ಹಾಯುವ ನೇರ ರಸ್ತೆ ಎಷ್ಟು ಕಡೆ ಇದೆಯೆಂದು ಅಲ್ಲಿ ಓಡಾಡಿದವರು ಬಲ್ಲರು. ಪಿಕಪ್ಪು ಕುಗ್ಗಿದ ಗಾಡಿಯಲ್ಲಿ ರೋಗಿಯನ್ನು ಕೂರಿಸಿಕೊಂಡು ಹೊರಟವನು ದಾಟುವ ಆಸೆಯನ್ನೇ ಬಿಡಬೇಕು. ಒಂದು ಗೇರು ಕೆಳಗಿಳಿಸಿ, ಶೀತಕದ ಪೆಟ್ಟಿಗೆಯನ್ನು ಆರಿಸಿ, ಲಾರಿಯ ಹಿಂದೆಯೇ ಹೋಗಬೇಕು. ಹಿಂದೆ ಬಂದ ಗಾಡಿಯಾದರೂ ಮುಂದೆ ಹೋಗಲೆಂದು ದಾರಿ ಬಿಟ್ಟು, ಅವರ ಕೈಯಲ್ಲಿ ಮುಂದಿನ ಊರಿಗೆ ಸುದ್ದಿ ಕಳಿಸುವುದು ಮೊಬೈಲಿಗೆ ಸಿಗ್ನಲ್ಲಿಲ್ಲದ ತಿರುವುಗಳಲ್ಲಿ ಇಂದಿಗೂ ಕೆಲಸಕ್ಕೆ ಬರುವ ಹಳೆಯ ಪದ್ಧತಿ.

ಹೊಸ ಕಾರುಗಳಿಗೆ ಇನ್ನೊಂದು ಸ್ವಭಾವವಿದೆ. ಕಾಲಿನ ಪೆಡಲಿಗೂ ಇಂಜಿನ್ನಿಗೂ ನಡುವೆ ಈಗ ಕೇಬಲ್ಲಿಲ್ಲ. ಪೆಡಲು ಗಣಕಕ್ಕೆ ಅರ್ಜಿ ಹಾಕುತ್ತದೆ, ಗಣಕ ಮಂಜೂರು ಮಾಡುತ್ತದೆ. ಯಾವುದಾದರೊಂದು ಉಪಕರಣದ ವರದಿ ಅದಕ್ಕೆ ಸಂಶಯಾಸ್ಪದವಾಗಿ ಕಂಡರೆ ಇಂಜಿನ್ನನ್ನು ಉಳಿಸುವ ಸಲುವಾಗಿ ಶಕ್ತಿಯನ್ನು ಮಿತಗೊಳಿಸಿ, ಹಳದಿ ದೀಪ ಹಚ್ಚಿ, ಕುಂಟುತ್ತ ಮನೆ ಸೇರಲು ಮಾತ್ರ ಅನುಮತಿ ಕೊಡುತ್ತದೆ. ಇಲಿ ಕಡಿದ ಒಂದು ತಂತಿ ಸಾಕು ಇದಕ್ಕೆ. ಆಗ ಸ್ಪ್ಯಾನರು ಹಿಡಿದ ಮೇಸ್ತ್ರಿಗಿಂತ ಮೊದಲು ಬೇಕಾಗುವುದು ಗಣಕದ ಮಾತನ್ನು ಓದುವ ಚಿಕ್ಕ ಯಂತ್ರ. ಅದು ಕೊಡುವ ಅಂಕಿ ರೋಗಿ ಎಲ್ಲಿ ನೋಯುತ್ತದೆಂದು ಹೇಳಿದಷ್ಟೇ; ಕಾರಣ ಹುಡುಕುವ ಬುದ್ಧಿ ಮೇಸ್ತ್ರಿಯದೇ. ಅಂಕಿ ಓದಿದ ಕೂಡಲೆ ಹೊಸ ಉಪಕರಣ ತರಿಸುವವನಿಗಿಂತ ತಂತಿಯನ್ನು ಬೆರಳಲ್ಲಿ ಸವರಿ ನೋಡುವವನು ಮೇಲು.

2020ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಹೊಗೆಯ ಹೊಸ ನಿಯಮಗಳ ಅನಂತರ ಡೀಸೆಲ್ ಕಾರು ಜೀಪುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಜರಡಿಯೊಂದು ಬಂದಿದೆ. ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟು ಬೂದಿ ಮಾಡಬೇಕು. ಅದಕ್ಕೆ ಸುಮಾರು ಆರುನೂರು ಡಿಗ್ರಿಯ ಕಾವು, ಹದಿನೈದಿಪ್ಪತ್ತು ನಿಮಿಷ ತಡೆಯಿಲ್ಲದ ಓಟ ಬೇಕು. ಮನೆಯಿಂದ ಸಿದ್ದಾಪುರದ ಪೇಟೆಗೆ ಹೋಗಿ, ಅಡಕೆಯ ಚೀಲವಿಳಿಸಿ, ದಿನಸಿ ಕಟ್ಟಿಸಿಕೊಂಡು ಮರಳುವ ಕೋಲಸಿರ್ಸಿಯ ಗಾಡಿಗೆ ಆ ಕಾವು ಹುಟ್ಟುವ ಮೊದಲೇ ಮನೆ ಬಂದಿರುತ್ತದೆ. ತಿಂಗಳುಗಳು ಕಳೆದಂತೆ ಮಸಿ ಕಟ್ಟಿ, ಉಸಿರು ಬಿಗಿದು, ಹೊಚ್ಚಹೊಸ ಗಾಡಿಯೂ ಅಂಗಳದ ಏರಿನಲ್ಲೇ ತಡವರಿಸುತ್ತದೆ. ಇದಕ್ಕೆ ಮದ್ದು ಕಹಿಯಲ್ಲ. ದೀಪ ಹೊತ್ತಿಕೊಂಡ ಮೊದಲ ದಿನಗಳಲ್ಲೇ ಮನೆಮಂದಿಯನ್ನು ಕೂರಿಸಿಕೊಂಡು ಮಾವಿನಗುಂಡಿಯವರೆಗೆ ಹೋಗಿ ಹೊನ್ನಾವರದ ಕಡೆ ಒಂದಿಷ್ಟು ಇಳಿಯಬೇಕು, ಅದೇ ಘಟ್ಟವನ್ನು ಒಂದು ಗೇರು ಕೆಳಗಿಟ್ಟು ಒಂದೇ ಉಸಿರಿಗೆ ಹತ್ತಬೇಕು. ಇಂಜಿನ್ನು ಕಾದು ಜರಡಿ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಮರಳುವಾಗ ಜೋಗ ಹತ್ತಿರವೇ. ಸಿದ್ದಾಪುರದಿಂದ ಸುಮಾರು ಇಪ್ಪತ್ತು ಕಿಲೋಮೀಟರಿನಲ್ಲಿ ಶರಾವತಿ 253 ಮೀಟರು ಆಳಕ್ಕೆ ಬೀಳುವುದನ್ನು ಮಕ್ಕಳು ಕಟಾಂಜನಕ್ಕೆ ಒರಗಿ ನೋಡುತ್ತಿರುವಾಗ, ರಸ್ತೆಯ ಬದಿಯಲ್ಲಿ ನಿಂತ ಗಾಡಿಯ ಕೊಳವೆಯಿಂದ ಕಾದ ಕಬ್ಬಿಣ ತಣಿಯುವ ಟಿಕ್ ಟಿಕ್ ಸದ್ದು ಕೇಳುತ್ತಿರುತ್ತದೆ.